ಮೂರನೇ ಕೌಂಟರಿನಿಂದ ವಾಪಸಾದ ಚೀಟಿ

ಚಿಂತೆ ಮಾಡುವುದರಲ್ಲಿ ಅವಳ ಕೈ ಮೊದಲಿನಿಂದಲೂ ಪಳಗಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ, ಚಿಲಕ ಹಾಕಿದೆನೋ ಇಲ್ಲವೋ, ಮಗುವಿನ ನೆತ್ತಿ ಯಾಕೆ ಹೀಗೆ ಮಿಡಿಯುತ್ತದೆ, ಒಂದು ಸೀನು ಬಂದರೇ ನೆಗಡಿಯೋ ಅಥವಾ ಮೂರು ಬರುವ ತನಕ ಕಾಯಬಹುದೋ. ಹೆರಿಗೆಯಾಗಿ ಐದು ತಿಂಗಳಾಗಿತ್ತು. ಈ ಐದು ತಿಂಗಳಲ್ಲಿ ಅವಳು ಚಿಂತಿಸದೆ ಬಿಟ್ಟ ವಿಷಯ ಹುಡುಕಿದರೂ ಸಿಗುತ್ತಿರಲಿಲ್ಲ. ಅಚ್ಚುಕೂಟದಲ್ಲಿ ಕೆಲಸ ಮಾಡುವ ಗಂಡ, "ನಿನ್ನ ಚಿಂತೆಗಳಿಗೆಲ್ಲ ಪುಟಸಂಖ್ಯೆ ಹಾಕಿ ಕೊಡು, ನಮ್ಮಲ್ಲೇ ಬೈಂಡ್ ಮಾಡಿಸ್ಕೊಂಡು ಬರ್ತೀನಿ" ಎಂದು ರೇಗಿಸುತ್ತಿದ್ದ. ಅವಳೂ ನಕ್ಕುಬಿಡುತ್ತಿದ್ದಳು. ಅವಳ ಚಿಂತೆಗಳಿಗೆ ಒಂದು ಒಳ್ಳೆಯ ಗುಣವಿತ್ತು: ಯಾರ ಹತ್ತಿರವಾದರೂ ಹೇಳಿಕೊಂಡರೆ ಅರ್ಧ ಇಳಿದುಹೋಗುತ್ತಿತ್ತು.

ಈ ಸಲದ್ದು ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಮಂಗಳವಾರದಿಂದ ಅದು ಎದೆಯೊಳಗೆ ಕೂತುಬಿಟ್ಟಿತ್ತು. ಹಾಲೂಡಿಸುವಾಗಲೂ ಬಟ್ಟೆ ಹಿಂಡುವಾಗಲೂ ಕಣ್ಣೆದುರು ಬರುತ್ತಿದ್ದುದು ಒಂದೇ: ಬೆತ್ತದ ಕುರ್ಚಿಯ ಮೇಲಿನ ತಿಳಿನೀಲಿ ದಿಂಬು, ಅದರ ನಡುವೆ ಅಂಗೈಯಗಲದ ರಕ್ತದ ಕಲೆ. ಆ ಕುರ್ಚಿಯಲ್ಲಿ ಅಷ್ಟು ಹೊತ್ತು ಕೂತಿದ್ದವರು ಮಹಡಿಯ ಮೇಲಿನ ಮಷೀನಣ್ಣ.

ಮಷೀನಣ್ಣ ಎಂದರೆ ಆ ಬೀದಿಯ ಹೊಲಿಗೆ ಯಂತ್ರಗಳ ವೈದ್ಯ. ನಲವತ್ತೈದರ ಆಸುಪಾಸು, ಗಿಡ್ಡ ಮೈಕಟ್ಟು, ಗಲ್ಲದ ಮೇಲೆ ಅಲ್ಲೊಂದು ಇಲ್ಲೊಂದು ನರೆತ ಗಡ್ಡ, ಅಂಗಿಯ ಜೇಬಿನಲ್ಲಿ ಪೆನ್ನಿನ ಹಾಗೆ ಸಿಕ್ಕಿಸಿದ ಸಣ್ಣ ಸ್ಕ್ರೂಡ್ರೈವರು. ಬೀದಿಯ ಎರಡೂ ಕಡೆ ದರ್ಜಿ ಅಂಗಡಿಗಳು, ತುದಿಯಲ್ಲಿ ಒಂದು ಸಿದ್ಧ ಉಡುಪಿನ ಕಾರ್ಖಾನೆ. ದಾರ ಕಡಿಯುತ್ತಿದ್ದರೆ, ಹೊಲಿಗೆ ನಡುನಡುವೆ ಬಿಟ್ಟುಹೋಗುತ್ತಿದ್ದರೆ, ಬಟ್ಟೆ ಮುಂದಕ್ಕೆ ಸರಿಯದೆ ಹಠ ಹಿಡಿದರೆ ಎಲ್ಲರಿಗೂ ಮಷೀನಣ್ಣನೇ ಬೇಕು. ಅವರು ಬಂದು ಕಣ್ಣು ಮುಚ್ಚಿ ಎರಡು ಸಲ ಪೆಡಲು ತುಳಿದರೆ ಸದ್ದಿನಲ್ಲೇ ರೋಗ ಗೊತ್ತಾಗಿಬಿಡುತ್ತಿತ್ತು. "ಟೆನ್ಷನ್ ಜಾಸ್ತಿಯಾಗಿದೆ" ಎಂದು ಅವರು ಅಂದರೆ, "ಯಾರಿಗೆ ಅಣ್ಣ, ನನಗಾ ಮಷೀನಿಗಾ" ಎಂದು ದರ್ಜಿಗಳು ಕೇಳುವುದು, "ಮಷೀನಿಂದು ಕಾಲು ಸುತ್ತು ತಿರುಗಿಸಿದ್ರೆ ಹೋಗುತ್ತೆ, ನಿನ್ನ ಸ್ಕ್ರೂ ಎಲ್ಲಿದೆ ಅಂತ ಇನ್ನೂ ಹುಡುಕ್ತಿದೀನಿ" ಎಂದು ಅವರು ಅನ್ನುವುದು ಆ ಬೀದಿಯಲ್ಲಿ ಸವೆದು ಸವೆದು ನುಣುಪಾದ ಹಾಸ್ಯ.

ಅವಳು ಆ ಮನೆಗೆ ಬಂದದ್ದು ಒಂಬತ್ತು ತಿಂಗಳು ತುಂಬಿದ ಹೊಟ್ಟೆ ಹೊತ್ತುಕೊಂಡು. ಮೊದಲ ದಿನ ಮೆಟ್ಟಿಲ ಮೇಲೆ ಎದುರಾದ ಮಷೀನಣ್ಣ ಅವಳ ಮುಖ ನೋಡಿ ಒಂದು ಗಳಿಗೆ ನಿಂತುಬಿಟ್ಟಿದ್ದರು. ಆಮೇಲೆ ಏನೂ ಹೇಳದೆ ಅವಳ ಕೈಯ ಚೀಲ ಇಸಿದುಕೊಂಡು ಬಾಗಿಲ ತನಕ ತಂದಿಟ್ಟು ಹೋಗಿದ್ದರು. ಸಂಕೋಚದ ಮನುಷ್ಯ ಎಂದುಕೊಂಡಿದ್ದಳು.

ಹೆರಿಗೆಯಾಗಿ ಆರನೆಯ ವಾರ. ಅಮ್ಮ ತನ್ನ ಮನೆಗೆ ಮರಳಿದ್ದಳು, ಗಂಡ ಹಗಲು ಪಾಳಿಗೆ ಹೋಗಿದ್ದ. ಮಗು ಬೆಳಿಗ್ಗೆ ಹಿಡಿದ ಅಳುವನ್ನು ಮಧ್ಯಾಹ್ನವಾದರೂ ಬಿಟ್ಟಿರಲಿಲ್ಲ. ಹಾಲು ಕುಡಿಸಿದರೂ ಅಳು, ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಕೊನೆಗೆ ಅವಳು ಮಗುವನ್ನು ಹಾಸಿಗೆಯ ನಡುವೆ ಮಲಗಿಸಿ, ಸುತ್ತ ದಿಂಬಿಟ್ಟು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ತಾನೂ ಅಳಲಿಕ್ಕೆ ಶುರುಮಾಡಿದಳು. ಯಂತ್ರದ ತಲೆಯೊಂದನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ ಮಷೀನಣ್ಣ ಅವಳನ್ನು ನೋಡಿದರು. ಯಾಕೆ, ಏನು ಎಂದು ಕೇಳಲಿಲ್ಲ. ಯಂತ್ರವನ್ನು ಗೋಡೆಗೆ ಒರಗಿಸಿಟ್ಟು, ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ಎರಡೆರಡು ಸಲ ಸೋಪು ಹಚ್ಚಿ ತೊಳೆದುಕೊಂಡರು.

"ಮಗೂನ ಕೊಡಿ. ಒಂದು ಗಂಟೆ ಮಲಗಿ. ಬಾಗಿಲು ತೆರೆದೇ ಇರುತ್ತೆ, ಇಲ್ಲೇ ಹೊರಗಿನ ಕೋಣೇಲಿ ಕೂತಿರ್ತೀನಿ."

ಬೇರೆ ದಿನವಾಗಿದ್ದರೆ ಅವಳು ನೂರು ಪ್ರಶ್ನೆ ಹಾಕಿಕೊಳ್ಳುತ್ತಿದ್ದಳು. ಅವತ್ತು ಕೊಟ್ಟುಬಿಟ್ಟಳು. ಅವರು ಮಗುವನ್ನು ಮುಂಗೈಯ ಮೇಲೆ ಬೋರಲು ಮಲಗಿಸಿಕೊಂಡು, ಅವಳ ಮೂಲೆಗೆ ಬಿದ್ದ ಹಳೆಯ ಕಾಲುಮಷೀನಿನ ಮುಂದೆ ಕೂತು, ದಾರವಿಲ್ಲದೆ, ಬಟ್ಟೆಯಿಲ್ಲದೆ ಸುಮ್ಮನೆ ಪೆಡಲು ತುಳಿಯತೊಡಗಿದರು. ಆ ಏಕತಾನದ ಸದ್ದಿಗೆ ಮಗು ಹತ್ತೇ ನಿಮಿಷದಲ್ಲಿ ಮಲಗಿತು. ಅವಳು ಮೂರು ಗಂಟೆ ಮಲಗಿದಳು. ಎದ್ದು ಬಂದು ನೋಡಿದರೆ ಮಷೀನಣ್ಣ ಇನ್ನೂ ತುಳಿಯುತ್ತಲೇ ಇದ್ದರು. "ನಿಲ್ಲಿಸಿದ್ರೆ ಕಣ್ಣು ಬಿಡ್ತಾಳೆ. ಈ ಕಾಲಿಗೆ ಅಭ್ಯಾಸ ಇದೆ ಬಿಡಿ" ಎಂದರು.

ಆ ಮೂರು ಗಂಟೆಯ ನಿದ್ದೆಯನ್ನು ಅವಳು ಮರೆಯಲಿಲ್ಲ. ತನ್ನನ್ನು ಯಾರೋ ಬಾವಿಯ ಅಂಚಿನಿಂದ ಕೈಹಿಡಿದು ಹಿಂದಕ್ಕೆ ಎಳೆದ ಹಾಗೆ ಅನ್ನಿಸಿತ್ತು. ಅಲ್ಲಿಂದ ಮುಂದೆ ದಿನಕ್ಕೊಂದು ಸಲ ಅವರು ಇಳಿದು ಬರುವುದು, ಮಗುವನ್ನು ಆಡಿಸುವುದು, ಅವಳು ಆ ಹೊತ್ತಿನಲ್ಲಿ ಸ್ನಾನ ಮುಗಿಸುವುದು ರೂಢಿಯಾಯಿತು. 'ನೀವು' ಹೋಗಿ 'ನೀನು' ಬಂತು, ಅವಳು 'ತಂಗಿ'ಯಾದಳು. ಗಂಡನೂ ಮಷೀನಣ್ಣನ ಜೊತೆ ಚಹಾ ಕುಡಿಯುತ್ತ, "ಅಣ್ಣ, ಇವಳದ್ದೊಂದು ಸ್ಕ್ರೂ ನೋಡಿ" ಎಂದು ಅಣಕಿಸುವಷ್ಟು ಸಲಿಗೆ ಬೆಳೆಯಿತು.

ಮಂಗಳವಾರ ಮಷೀನಣ್ಣ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಮಾತು ಕಡಿಮೆಯಿತ್ತು, ಮುಖ ಬಿಳಿಚಿಕೊಂಡಿತ್ತು. ಎದ್ದೇಳುವಾಗ ಗೋಡೆ ಹಿಡಿದುಕೊಂಡರು. ಮಗುವನ್ನು ಅವಳ ಕೈಗಿತ್ತು, "ಕೆಲಸ ಇದೆ ತಂಗಿ" ಎಂದು ಹಿಂದೆ ತಿರುಗಿಯೂ ನೋಡದೆ ಹತ್ತಿಹೋದರು. ಆಗ ಅವಳು ದಿಂಬು ನೋಡಿದ್ದು.

ಮೊದಲು ಅವಳಿಗೆ ಹೊಳೆದದ್ದು ಮೂಲವ್ಯಾಧಿ. ದಿನವಿಡೀ ಕೂತು ಮಾಡುವ ಕೆಲಸ, ಸರಿಯಾಗಿ ನೀರು ಕುಡಿಯುವುದಿಲ್ಲ. ದೊಡ್ಡಾಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ನಾಲ್ಕು ವರ್ಷ ಕೂತವಳು ಅವಳು. ಹೆರಿಗೆ ರಜೆಯಲ್ಲಿದ್ದರೂ, ಯಾವ ಕಾಯಿಲೆಗೆ ಯಾವ ವಿಭಾಗ ಎಂಬುದು ಬಾಯಿಪಾಠ. ಸಂಜೆ ಗಂಡ ಬಂದ ಮೇಲೆ ಮಗುವನ್ನು ಅವನ ಕೈಗೆ ಕೊಟ್ಟು, ಸಂಕೋಚವನ್ನು ನುಂಗಿಕೊಂಡು ಮಹಡಿ ಹತ್ತಿದಳು.

ಅದು ಒಂದೇ ಕೋಣೆ. ಗೋಡೆಗುಂಟ ಹಲಗೆಯ ಮೇಲೆ ಯಂತ್ರದ ತಲೆಗಳು ರೋಗಿಗಳ ಹಾಗೆ ಸಾಲಾಗಿ ಕೂತಿದ್ದವು. ಒಂದೊಂದರ ಕೊರಳಿಗೂ ಒಂದು ಕಾಗದದ ಚೂರು, ಅದರಲ್ಲಿ ತಂದವರು ಹೇಳಿದ ದೂರು ಅವರದೇ ಮಾತಿನಲ್ಲಿ: 'ಹಿಂದಕ್ಕೆ ಓಡುತ್ತೆ', 'ಕೂಗುತ್ತೆ', 'ನನ್ನ ಸೊಸೆ ಮುಟ್ಟಿದ ಮೇಲೆ ಹೀಗಾಗಿದೆ'. ಎಣ್ಣೆಯ ವಾಸನೆ. ಮಷೀನಣ್ಣ ಚಾಪೆಯ ಮೇಲೆ ಮುದುಡಿ ಮಲಗಿದ್ದವರು ಎದ್ದು ಕೂತರು.

"ಅಣ್ಣ, ತಪ್ಪು ತಿಳ್ಕೋಬೇಡಿ. ಪೈಲ್ಸಾ?"

ಅವರು ನಕ್ಕರು. ನಗುವಾಗಲೂ ಕೈ ಕಿಬ್ಬೊಟ್ಟೆಯ ಮೇಲೇ ಇತ್ತು.

"ಪೈಲ್ಸ್ ಆಗಿದ್ರೆ ಇಷ್ಟು ಹೊತ್ತಿಗೆ ಬೀದಿಗೆಲ್ಲ ಹೇಳ್ಕೊಂಡು ನಗಿಸ್ತಿದ್ದೆ." ಯಂತ್ರಗಳ ಕಡೆ ನೋಡುತ್ತ ಹೇಳಿದರು: "ದಿಂಬು ಹಾಳಾಯ್ತು, ಅಲ್ವಾ. ನಿನಗೆ ಸುಳ್ಳು ಹೇಳೋಕೆ ಮನಸ್ಸಿಲ್ಲ. ನಾನು ಹುಟ್ಟಿದಾಗ ನಮ್ಮಮ್ಮನಿಗೆ ಹೆಣ್ಣುಮಗು ಅಂತ ಹೇಳಿದ್ರು. ಅವತ್ತಿಂದ ನನ್ನದೂ ಲೋಕದ್ದೂ ಲೆಕ್ಕ ತಾಳೆ ಆಗಲಿಲ್ಲ. ಗಂಡು ಹಾರ್ಮೋನಿನ ಇಂಜೆಕ್ಷನ್ ಶುರುಮಾಡಿ ಹದಿನೈದು ವರ್ಷ ಆಯ್ತು, ಮುಟ್ಟು ನಿಂತು ಹತ್ತಿರ ಹತ್ತಿರ ಅಷ್ಟೇ ಆಯ್ತು. ಈಗ ಒಂಬತ್ತು ತಿಂಗಳಿಂದ ಮತ್ತೆ ಶುರುವಾಗಿದೆ. ಮೊದಲು ಅಷ್ಟಿಷ್ಟು. ಈಗ ನಿಲ್ತಾನೇ ಇಲ್ಲ."

ಅವಳ ಬಾಯಿಗೆ ಬಂದದ್ದು ಕೌಂಟರಿನ ಮಾತೇ. "ಅಯ್ಯೋ ಅಣ್ಣ, ಒಂಬತ್ತು ತಿಂಗಳಾ? ಆಸ್ಪತ್ರೆಗೆ ಯಾಕೆ ಹೋಗಲಿಲ್ಲ?"

"ಹೋಗಿದ್ದೆ. ಏಳು ತಿಂಗಳ ಹಿಂದೆ. ದೊಡ್ಡಾಸ್ಪತ್ರೆ, ಮೂರನೇ ಕೌಂಟರು."

ಮೂರನೇ ಕೌಂಟರು ಅವಳದು.

ಮುಖ ನೆನಪಾಗಲಿಲ್ಲ, ದಿನಕ್ಕೆ ಮುನ್ನೂರು ಮುಖ. ನೆನಪಾದದ್ದು ಕಂಪ್ಯೂಟರಿನ ಪರದೆಯ ಕೆಂಪು ಗೆರೆ. ಯಾವುದೋ ಸಣ್ಣ ದವಾಖಾನೆಯ ಡಾಕ್ಟರಮ್ಮ ಬರೆದ ಚೀಟಿ: ಸ್ತ್ರೀರೋಗ ವಿಭಾಗಕ್ಕೆ, ತುರ್ತು. ಗುರುತಿನ ಚೀಟಿಯಲ್ಲಿ ಗಂಡು. ಎರಡನ್ನೂ ಹಾಕಿದ ಕೂಡಲೇ 'ಈ ವಿಭಾಗ ಅನ್ವಯಿಸುವುದಿಲ್ಲ' ಎಂದು ಗೆರೆ ಎದ್ದಿತ್ತು. ಡಾಕ್ಟರ ತಪ್ಪೊಂದನ್ನು ತಾನು ಹಿಡಿದೆನೆಂದು ಅವಳಿಗೆ ಆ ಗಳಿಗೆ ಹೆಮ್ಮೆಯಾಗಿತ್ತು. ಗಾಜಿನ ಹಿಂದಿನ ಮೈಕಿನಲ್ಲಿ, "ಅಣ್ಣ, ನಿಮ್ಮನ್ನ ಹೆಂಗಸ್ರ ವಿಭಾಗಕ್ಕೆ ಕಳಿಸಿದಾರಲ್ಲ, ಹೆರಿಗೆಗಾ" ಎಂದಿದ್ದಳು. ಸಾಲು ಪೂರ್ತಿ ನಕ್ಕಿತ್ತು. ಚೀಟಿಯ ಮೇಲೆ 'ತಪ್ಪು ವಿಭಾಗ' ಎಂದು ಮೊಹರು ಒತ್ತಿ ಗಾಜಿನ ಕಿಂಡಿಯಿಂದ ಹೊರಗೆ ತಳ್ಳಿದ್ದಳು. ಮನೆಗೆ ಬಂದು ಗಂಡನಿಗೂ ಹೇಳಿ ನಗಿಸಿದ್ದಳು.

"ನಾನು" ಎಂದಳು.

"ಬೈಯೋಕೆ ಹೇಳ್ತಿಲ್ಲ ತಂಗಿ. ನೀನು ಕೇಳಿದೆ, ಹೇಳಿದೆ ಅಷ್ಟೆ. ನೀನೂ ಏಳು ತಿಂಗಳ ಹೊಟ್ಟೆ ಇಟ್ಕೊಂಡು ಕೂತಿದ್ದೆ. ಕಾಲು ಊದಿ ಚಪ್ಪಲಿ ಬಿಚ್ಚಿಟ್ಟಿದ್ದೆ. ಕೌಂಟರಿನ ಕೆಳಗಿನ ಸಂದಿಯಿಂದ ಕಾಣ್ತಿತ್ತು."

"ಮೆಟ್ಟಿಲ ಹತ್ರ ನನ್ನ ಗುರುತು ಹಿಡಿದಿದ್ರಿ. ಮೊದಲ ದಿನವೇ."

"ಹೂಂ."

"ಆದ್ರೂ ನನ್ನ ಮಗೂನ ಎತ್ಕೊಂಡ್ರಿ."

"ಮಗು ಏನು ಮಾಡಿತ್ತು ನನಗೆ?" ಎಂದರು. ಆಮೇಲೆ, ಅದು ತೀರ ಸಲೀಸಾದ ಉತ್ತರವಾಯಿತೆಂದು ಅವರಿಗೇ ಅನ್ನಿಸಿತೇನೋ, "ಸಿಟ್ಟು ಇರಲಿಲ್ಲ ಅಂತಲ್ಲ. ಮೆಟ್ಟಿಲ ಮೇಲೆ ನೀನು ಅಳ್ತಾ ಕೂತಿದ್ದಾಗ ಪಕ್ಕದಿಂದ ಹಾದು ಹೋಗಿಬಿಡೋಣ ಅಂತಲೂ ಬಂದಿತ್ತು. ನಾಲ್ಕು ಮೆಟ್ಟಿಲು ಹತ್ತಿಯೂ ಬಿಟ್ಟಿದ್ದೆ" ಎಂದರು.

ಆ ಸಂಜೆ ಮತ್ತು ಮರುದಿನದ ಮಧ್ಯಾಹ್ನ ಅವರು ಹೇಳಿದ್ದನ್ನೆಲ್ಲ ಅವಳು ಬಾಯಿ ಬಿಡದೆ ಕೇಳಿದಳು.

ಅವರ ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ಒಂಬತ್ತನೇ ವಯಸ್ಸಿಗೆ ಅವರು ತಾಯಿಯ ಯಂತ್ರವನ್ನು ಬಿಚ್ಚಿ, ಚಾಪೆಯ ತುಂಬ ಹರಡಿ, ಮತ್ತೆ ಜೋಡಿಸಿದ್ದರು. ಕೊನೆಗೆ ಒಂದು ಸ್ಕ್ರೂ ಉಳಿಯಿತು. ಎಲ್ಲಿಯದೆಂದು ಗೊತ್ತಾಗಲಿಲ್ಲ. ತಾಯಿ ಬೆನ್ನಿಗೆ ನಾಲ್ಕು ಬಾರಿಸಿ ಯಂತ್ರದ ಮುಂದೆ ಕೂತು ನೋಡಿದರೆ ಅದು ಮೊದಲಿಗಿಂತ ಹಗುರಾಗಿ ಓಡುತ್ತಿತ್ತು. ಹದಿನಾರಕ್ಕೆ ಒಬ್ಬ ಮುದುಕ ಮೆಕ್ಯಾನಿಕ್ಕಿನ ಹತ್ತಿರ ಕೆಲಸಕ್ಕೆ ಸೇರಿದರು. ಹುಡುಗಿಯರು ಹೊಲಿಯಬಹುದು, ರಿಪೇರಿ ಮಾಡುವುದುಂಟೇ ಎಂದು ನೆರೆಹೊರೆ ಆಡಿಕೊಂಡಿತು. ಒಂದು ದಿನ ಅವರು ಜಡೆ ಕತ್ತರಿಸಿಕೊಂಡು, ಪ್ಯಾಂಟು ತೊಟ್ಟು ಕೆಲಸಕ್ಕೆ ಹೋದರು. ಮುದುಕ ಕನ್ನಡಕದ ಮೇಲಿಂದ ನೋಡಿ, "ಒಳ್ಳೇದಾಯ್ತು, ಇನ್ನು ಕೂದಲು ಚಕ್ರಕ್ಕೆ ಸಿಕ್ಕಿಕೊಳ್ಳಲ್ಲ. ಆ ಎಣ್ಣೆ ಡಬ್ಬಿ ಈ ಕಡೆ ಕೊಡಪ್ಪ" ಎಂದ. ಹಿಂದಿನ ದಿನದವರೆಗೂ "ಕೊಡಮ್ಮ" ಎನ್ನುತ್ತಿದ್ದವನು. ಆ ಒಂದು 'ಅಪ್ಪ'ವನ್ನು ಮಷೀನಣ್ಣ ಮುದುಕನ ದನಿಯಲ್ಲೇ ಎರಡು ಸಲ ಹೇಳಿ ತೋರಿಸಿದರು.

ತಾಯಿ ಮಾತ್ರ ಎರಡು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ. ಅನ್ನ ಬಡಿಸುತ್ತಿದ್ದಳು, ಕಣ್ಣೆತ್ತುತ್ತಿರಲಿಲ್ಲ. ಆಮೇಲೊಂದು ದಿನ ಮಂಚದ ಮೇಲೆ ಹೊಸ ಅಂಗಿಯೊಂದು ಮಡಿಸಿಟ್ಟಿತ್ತು. ಅವರು ತೊಟ್ಟು ಗುಂಡಿ ಹಾಕಹೋದರೆ ಕೈ ತಡವರಿಸಿತು. ಹೆಂಗಸರ ಅಂಗಿಗೆ ಗುಂಡಿ ಎಡಕ್ಕೆ, ಗಂಡಸರ ಅಂಗಿಗೆ ಬಲಕ್ಕೆ. ಹೊಲಿಗೆಯವರ ಮನೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಹುಟ್ಟಿದಾಗಿನಿಂದ ಅವರಿಗೆ ಗುಂಡಿ ಎಡಕ್ಕಿಟ್ಟು ಹೊಲಿದವಳು, ಒಂದು ಮಾತೂ ಆಡದೆ, ಆ ಸಲ ಬಲಕ್ಕೆ ಇಟ್ಟಿದ್ದಳು. "ಅವಳು ಬದುಕಿರೋ ತನಕ ಆ ವಿಷಯ ನಾವಿಬ್ಬರೂ ಮಾತಾಡಲಿಲ್ಲ. ಮಾತಾಡೋದು ಏನಿತ್ತು, ಎಲ್ಲಾ ಹೊಲಿದು ಕೊಟ್ಟಿದ್ಲಲ್ಲ" ಎಂದರು ಮಷೀನಣ್ಣ.

ಆಸ್ಪತ್ರೆಯ ಕತೆ ಬೇರೆ. ಹಿಂದೊಮ್ಮೆ ವಿಪರೀತ ಜ್ವರ ಬಂದು ಬೇರೊಂದು ಊರಿನ ಆಸ್ಪತ್ರೆಗೆ ಸೇರಿದಾಗ, ಗಂಡಸರ ವಾರ್ಡಿನವರು ಹೆಂಗಸರ ವಾರ್ಡಿಗೆ ಕಳಿಸಿದರು, ಹೆಂಗಸರ ವಾರ್ಡಿನವರು ಕಿರುಚಿ ಹೊರಗೆ ಹಾಕಿದರು. ಎರಡರ ನಡುವಿನ ಓಣಿಯಲ್ಲಿ, ಗಾಲಿ ಮಂಚದ ಮೇಲೆ ಒಂದು ಹಗಲು ಪೂರ್ತಿ ಮಲಗಿದ್ದರು. ಕಲಿಯುವ ಹುಡುಗರನ್ನು ಕರೆದು ತಂದು ಹೊದಿಕೆ ಸರಿಸಿ ತೋರಿಸಿದರು. ಜ್ವರಕ್ಕೆ ಮಾತ್ರ ಯಾರೂ ಏನೂ ಕೊಡಲಿಲ್ಲ. ಅದಾದ ಮೇಲೆ ಅವರು ಕಾಲಿಟ್ಟ ಮೊದಲ ದೊಡ್ಡ ಆಸ್ಪತ್ರೆ ಇವಳದು. ಕಾಲಿಡುವಂತೆ ಮಾಡಿದವರು ಆ ಸಣ್ಣ ದವಾಖಾನೆಯ ಡಾಕ್ಟರಮ್ಮ. "ಅವರೊಬ್ಬರೇ ನನ್ನ ಮುಖ ನೋಡಿ, ನಿಮಗೆ ಹೇಗಾಗ್ತಿದೆ ಅಂತ ಕೇಳಿದ್ದು. ಮಿಕ್ಕವರೆಲ್ಲ, ನೀವು ಏನು ಅಂತ ಕೇಳ್ತಿದ್ರು." ಆ ಡಾಕ್ಟರಮ್ಮ ಈಗ ದವಾಖಾನೆ ಮುಚ್ಚಿಕೊಂಡು ಮಗನ ಊರಿಗೆ ಹೋಗಿದ್ದರು. ಸ್ಕ್ಯಾನು, ಪರೀಕ್ಷೆ, ಬೇಕಾದರೆ ಆಪರೇಷನ್ನು, ಎಲ್ಲಕ್ಕೂ ಉಳಿದಿದ್ದ ಬಾಗಿಲು ದೊಡ್ಡಾಸ್ಪತ್ರೆ ಒಂದೇ.

ಅವಳ ತಲೆ ಕೌಂಟರಿನ ದಾರಿಯಲ್ಲೇ ಓಡಿತು. "ಅಣ್ಣ, ಒಂದು ದಿನದ ಮಟ್ಟಿಗೆ ಹೆಣ್ಣು ಅಂತ ಹಾಕಿಸಿಬಿಡೋಣವಾ? ಹಳೇ ಕಾಗದ ಇರುತ್ತಲ್ಲ. ಕಂಪ್ಯೂಟರ್ ಕಣ್ಣು ಮುಚ್ಕೊಂಡು ಚೀಟಿ ಕೊಡುತ್ತೆ."

ಮಷೀನಣ್ಣ ಬಿಚ್ಚಿಟ್ಟ ಚಕ್ರವನ್ನು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಿದರು. "ಆ ಗಂಡು ಅನ್ನೋ ಒಂದು ಪದ ಹಾಕಿಸ್ಕೊಳ್ಳೋಕೆ ಹನ್ನೊಂದು ವರ್ಷ ಕಚೇರಿ ಅಲೆದಿದೀನಿ. ಒಂದು ದಿನಕ್ಕೂ ವಾಪಸ್ ಕೊಡಲ್ಲ. ರಕ್ತ ಹೋದ್ರೆ ಹೋಗ್ಲಿ."

"ಹಾಗಂದ್ರೆ ಹೇಗಣ್ಣ?"

"ಹೇಗೆ ಅಂತ ನನಗೂ ಗೊತ್ತಿಲ್ಲ ತಂಗಿ. ನನ್ನ ಮೈಗೆ ಡಾಕ್ಟ್ರು ಬೇಕು. ಅದಕ್ಕೋಸ್ಕರ ನಾನು ನಾನಲ್ಲ ಅಂತ ಬರೆದುಕೊಡು ಅಂದ್ರೆ ಹೇಗೆ?"

ಅವಳಿಗೆ ತನ್ನ ನಾಲಿಗೆ ತಾನೇ ಕಚ್ಚಿಕೊಳ್ಳಬೇಕು ಅನ್ನಿಸಿತು. ಎರಡನೇ ಸಲ ಅದೇ ಮೊಹರು ಒತ್ತಲು ಹೋಗಿದ್ದಳು.

ಹೊಳೆದದ್ದು ಗುರುವಾರ, ಮಗುವಿನ ಉಗುರು ಕತ್ತರಿಸುವಾಗ. ಕರೆಂಟು ಕೈಕೊಟ್ಟ ದಿನ, ಕಂಪ್ಯೂಟರು ಮಲಗಿದ ದಿನ, ಕೌಂಟರಿನವರು ಕೈಬರಹದ ಚೀಟಿ ಕೊಡುತ್ತಾರೆ. ಗುಲಾಬಿ ಬಣ್ಣದ ಆ ಪುಸ್ತಕದಲ್ಲಿ ಕೆಂಪು ಗೆರೆ ಏಳುವುದಿಲ್ಲ. ವಿಭಾಗದ ದೊಡ್ಡ ಸಿಸ್ಟರ್ ಸಹಿ ಹಾಕಿದರೆ ಯಾವ ದಿನವಾದರೂ ಅದು ನಡೆಯುತ್ತದೆ. ನಿಯಮ ಹಾಗೇ ಇದೆ, ಯಾರೂ ಬಳಸುವುದಿಲ್ಲ ಅಷ್ಟೆ. ಅವಳು ಮಗುವನ್ನು ಎತ್ತಿಕೊಂಡೇ ಮಹಡಿಗೆ ಓಡಿದಳು. ಹೇಳಿ ಮುಗಿಸಿದ ಮೇಲೆ, ಮೊದಲೇ ಕೇಳಬೇಕಿದ್ದದ್ದನ್ನು ಕೇಳಿದಳು.

"ಆದ್ರೆ ಸಿಸ್ಟರಿಗೆ ವಿಷಯ ಹೇಳ್ಬೇಕಾಗುತ್ತೆ ಅಣ್ಣ. ಹೇಳಲಾ? ನಾನು ನನ್ನ ಗಂಡನಿಗೂ ಹೇಳಿಲ್ಲ."

"ಅವನಿಗೂ ಹೇಳಿಲ್ವಾ? ನೀನಾ?" ಮಷೀನಣ್ಣ ನಿಜಕ್ಕೂ ಬೆರಗಾದರು. "ಹೊಟ್ಟೆ ಉಬ್ಬರಿಸಿಲ್ವಾ?"

"ಉಬ್ಬರಿಸ್ತಿದೆ."

ಅವರು ಯೋಚಿಸಲಿಕ್ಕೆ ಒಂದು ದಿನದ ಸಮಯ ಕೇಳಿದರು. ಶುಕ್ರವಾರ ಸಂಜೆ ಇಳಿದು ಬಂದು, "ಒಬ್ಬರಿಗೇ ಹೇಳು. ಹೇಳುವಾಗ ನಾನು ಪಕ್ಕದಲ್ಲಿರ್ಬೇಕು. ನನ್ನ ಬಗ್ಗೆ ನಾನಿಲ್ಲದ ಕಡೆ ಬಹಳ ಜನ ಮಾತಾಡಿ ಆಯ್ತು" ಎಂದರು.

ಇಷ್ಟಾದ ಮೇಲೆ ಫೋನು ಮಾಡುವುದೊಂದೇ ಉಳಿದಿತ್ತು. ಅಲ್ಲೇ ಅವಳು ಸಿಕ್ಕಿಹಾಕಿಕೊಂಡದ್ದು.

ಸ್ತ್ರೀರೋಗ ವಿಭಾಗದ ದೊಡ್ಡ ಸಿಸ್ಟರ್ ಎಂದರೆ ಡಾಕ್ಟರುಗಳೇ ದನಿ ತಗ್ಗಿಸುತ್ತಿದ್ದರು. ಒಮ್ಮೆ ಒಂದು ಹೆಸರಿನ ಅಕ್ಷರ ತಪ್ಪಿದ್ದಕ್ಕೆ ಇವಳಿಂದ ಇಡೀ ದಿನದ ಪುಸ್ತಕ ಮತ್ತೆ ಬರೆಸಿದ್ದಾಕೆ. ಹೆರಿಗೆ ಕೋಣೆಯಲ್ಲಿ ಇವಳು ಕೂಗಿಕೊಂಡಾಗ, "ಕೂಗೋ ಉಸಿರನ್ನ ಕೆಳಗೆ ಬಿಡು" ಎಂದು ಗದರಿದಾಕೆ. ಅಂಥವರಿಗೆ ಫೋನು ಮಾಡಿ ಹೇಳಬೇಕಾದದ್ದೇನು? ತುರ್ತು ಎಂದು ಡಾಕ್ಟರು ಬರೆದ ರೋಗಿಯನ್ನು ನಾನು ಮೈಕಿನಲ್ಲಿ ನಗಿಸಿ ವಾಪಸು ಕಳಿಸಿದೆ ಎಂದು. ಅವಳದು ವರ್ಷವರ್ಷ ನವೀಕರಿಸುವ ಕೆಲಸ. ಡೈಪರಿನ ಖಾಲಿ ಪೊಟ್ಟಣದ ಮೇಲೆ ಹೇಳಬೇಕಾದ ಮಾತುಗಳನ್ನು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. 'ನಾನೇ ಕಳಿಸಿದ್ದು' ಎಂಬ ಎರಡು ಪದ ಪ್ರತಿ ಸಲವೂ ಹೇಗೋ ಬಿಟ್ಟುಹೋಗುತ್ತಿದ್ದವು.

ಶನಿವಾರ ಹತ್ತಕ್ಕೆ ಮಷೀನಣ್ಣ ಬಂದರು. "ಈಗ ಡಾಕ್ಟ್ರು ರೌಂಡ್ಸ್ ಇರುತ್ತೆ ಅಣ್ಣ." ಹನ್ನೆರಡೂವರೆಗೆ ಬಂದರು. "ಊಟದ ಹೊತ್ತು." ಎರಡಕ್ಕೆ ಬಂದರು. "ಡ್ಯೂಟಿ ಬದಲಾಗೋ ಸಮಯ." ಸೋಮವಾರ ಹನ್ನೊಂದಕ್ಕೆ ಬಂದಾಗ, "ಈಗ ತಿಂಡಿಗೆ ಹೋಗಿರ್ತಾರೆ" ಎಂದಳು.

"ನಿಮ್ಮ ಸಿಸ್ಟರ್ ದಿನಕ್ಕೆ ಎಷ್ಟು ಸಲ ಉಣ್ತಾರೆ ಮಾರಾಯ್ತಿ?" ಎಂದು ನಕ್ಕರು ಮಷೀನಣ್ಣ. ಮಗು ಅವರ ಹೆಗಲ ಮೇಲಿತ್ತು, ಅಂಗಿಯ ಕಾಲರನ್ನು ಜೊಲ್ಲಿನಿಂದ ತೋಯಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮೆತ್ತಗೆ ಹೇಳಿದರು. "ಬಿಡು ತಂಗಿ. ನಿನ್ನ ಕೆಲಸಕ್ಕೆ ಕುತ್ತು ಬರೋದು ಬೇಡ. ನೀನು ಇಷ್ಟು ಯೋಚನೆ ಮಾಡಿದ್ದೇ ದೊಡ್ಡದು. ನನಗೆ ಯಾರೂ ಇಷ್ಟು ತಲೆ ಕೆಡಿಸ್ಕೊಂಡಿಲ್ಲ."

ಆ ಮಾತು ಅವಳಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವರು ಮಗುವನ್ನು ಕೊಡಲೆಂದು ಎದ್ದರು, ಎದ್ದವರು ಅರ್ಧಕ್ಕೇ ನಿಂತು ಮತ್ತೆ ಗೋಡೆಗೆ ಕೈಯಾನಿಸಿದರು. ಹಣೆಯಲ್ಲಿ ಬೆವರು ಮೂಡಿತ್ತು. ಒಂದು ಕೈಯಲ್ಲಿ ಮಗುವನ್ನು ಮಾತ್ರ ಅಲುಗಾಡದ ಹಾಗೆ ಹಿಡಿದಿದ್ದರು.

"ಕೂತ್ಕೊಳ್ಳಿ" ಎಂದಳು ಅವಳು. ಪೊಟ್ಟಣದ ಮೇಲೆ ಬರೆದದ್ದನ್ನು ನೋಡದೆ, ನಂಬರು ಒತ್ತಿದಳು.

ಮೂರನೇ ರಿಂಗಿಗೆ ಎತ್ತಿದರು. "ಯಾರು?"

"ಸಿಸ್ಟರ್, ನಾನು, ಮೂರನೇ ಕೌಂಟರ್."

"ರಜೆಯಲ್ಲಿದ್ದೀಯಲ್ಲ. ಮಗು ಹೇಗಿದೆ?"

"ಚೆನ್ನಾಗಿದೆ ಸಿಸ್ಟರ್." ಐದು ತಿಂಗಳಲ್ಲಿ ಮೊದಲ ಸಲ ಆ ಪ್ರಶ್ನೆಗೆ ಅವಳು ಬಾಲ ಹಚ್ಚದೆ ಉತ್ತರಿಸಿದ್ದಳು. "ನಮ್ಮ ಮನೆ ಹತ್ರ ಒಬ್ಬರಿದಾರೆ. ನಲವತ್ತೈದು ವರ್ಷ. ಹೊಲಿಗೆ ಮಷೀನ್ ರಿಪೇರಿ ಮಾಡ್ತಾರೆ. ಅವರು ಗಂಡಸು. ಕಾಗದದಲ್ಲೂ ಗಂಡಸು. ಆದ್ರೆ ಹುಟ್ಟಿದ್ದು ಹೆಣ್ಣಿನ ಮೈಯಲ್ಲಿ. ಗರ್ಭಕೋಶ ಇದೆ. ಒಂಬತ್ತು ತಿಂಗಳಿಂದ ರಕ್ತ ಹೋಗ್ತಿದೆ, ಈಗ ಜಾಸ್ತಿಯಾಗಿದೆ. ನಿಮ್ಮಲ್ಲಿಗೆ ಅಂತ ಡಾಕ್ಟ್ರು ತುರ್ತು ಚೀಟಿ ಕೊಟ್ಟಿದ್ರು. ಕೌಂಟರಲ್ಲಿ ವಾಪಸ್ ಕಳಿಸಿದ್ರು."

"ಯಾರು ಕಳಿಸಿದ್ದು?"

ಮಷೀನಣ್ಣ ಬೇಡವೆಂಬಂತೆ ತಲೆಯಾಡಿಸುತ್ತಿದ್ದರು.

"ನಾನೇ ಕಳಿಸಿದ್ದು ಸಿಸ್ಟರ್. ಕಂಪ್ಯೂಟರ್ ತಗೊಳ್ಳಲಿಲ್ಲ, ನಾನು ತಮಾಷೆ ಮಾಡಿದೆ. ಮೈಕಲ್ಲಿ."

ಫೋನಿನ ಆ ಕಡೆ, ದೂರದಲ್ಲಿ ಯಾವುದೋ ಗಾಲಿ ಮಂಚ ಉರುಳುವ ಸದ್ದು, ಯಾರೋ ಹೆಸರು ಕೂಗುವ ಸದ್ದು.

"ಅದನ್ನ ನೀನು ಕೆಲಸಕ್ಕೆ ಬಂದ ದಿನ ಮಾತಾಡ್ತೀನಿ. ಬಿಡೋದಿಲ್ಲ" ಎಂದರು ಸಿಸ್ಟರ್. ದನಿ ಏರಲಿಲ್ಲ. "ಈಗ ಹೇಳು. ತಲೆಸುತ್ತು ಇದೆಯಾ? ಎದ್ರೆ ಕಣ್ಣು ಕತ್ತಲೆ ಬರುತ್ತಾ?"

"ಬರುತ್ತೆ ಸಿಸ್ಟರ್. ಈಗಷ್ಟೇ ಬಂತು."

"ಹಾಗಾದ್ರೆ ನಾಳೆ ಅನ್ನೋದು ಬೇಡ. ಇವತ್ತೇ, ಮೂರು ಗಂಟೆಗೆ. ಹೊರರೋಗಿಗಳು ಖಾಲಿಯಾಗಿರ್ತಾರೆ. ದೊಡ್ಡ ಹಾಲ್‌ಗೆ ಬರೋದೇ ಬೇಡ, ಸ್ಕ್ಯಾನ್ ಕೋಣೆ ಪಕ್ಕದ ಬಾಗಿಲಿಗೆ ಬರಲಿ, ನಾನು ನಿಂತಿರ್ತೀನಿ. ಚೀಟಿ ನಾನೇ ಬರೀತೀನಿ. ಗಂಡು ಅಂತಲೇ ಬರೀತೀನಿ, ವಿಭಾಗ ನಮ್ಮದು. ನನ್ನ ಪೆನ್ನು ಬೇಡ ಅನ್ನಲ್ಲ. ಒಳಗೆ ನಾನು ಮತ್ತೆ ಡಾಕ್ಟ್ರು, ಅಷ್ಟೇ ಜನ. ಅವರನ್ನ ಏನಂತ ಕರೀತಾರೆ?"

"ಎಲ್ಲರೂ ಮಷೀನಣ್ಣ ಅಂತಾರೆ."

"ಅವರಿಗೆ ಏನಂದ್ರೆ ಇಷ್ಟ ಅಂತ ಕೇಳಿದೆ." ಅದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಸಿಸ್ಟರೇ ಮುಂದುವರಿಸಿದರು. "ಪಕ್ಕದಲ್ಲಿದಾರಾ? ಅವರ ಕೈಗೆ ಫೋನ್ ಕೊಡು. ಅವರ ಮೈ, ಅವರೇ ಹೇಳಲಿ. ನೀನು ಮಾತಾಡಿದ್ದು ಸಾಕು."

ಬೈಗುಳದಂಥ ಆ ಮಾತಿಗೆ ಅವಳ ಕಣ್ಣು ತುಂಬಿ ಬಂತು. ಅಷ್ಟು ಹಗುರಾಗಿ ಅವಳನ್ನು ಯಾರೂ ಯಾವತ್ತೂ ಗದರಿರಲಿಲ್ಲ. ಮಷೀನಣ್ಣನ ತೋಳಿನಿಂದ ಮಗುವನ್ನು ತೆಗೆದುಕೊಂಡು, ಫೋನನ್ನು ಅವರ ಕೈಗಿಟ್ಟಳು.

ಅವರು ಫೋನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು ಕಿವಿಗೆ ಹಿಡಿದರು.

"ನಮಸ್ಕಾರ ಸಿಸ್ಟರ್. ಹೂಂ. ಹೌದು, ನಾನೇ."

ಅವಳು ಮಗುವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ, ಮಾತು ಕೇಳಿಸದ ಹಾಗೆ ಬಾಗಿಲು ಮುಂದಕ್ಕೆ ಎಳೆದುಕೊಂಡಳು.